ಫ್ಯೂಷಿಯಾ ಬೀಜ: 24 ದಿನ ಆಯ್ತು, ಮೊಳೆತ ಸಸಿಗಳೂ ಬುಡ ಕರಗಿ ಬೀಳ್ತಿವೆ

ಎಲೆಮರೆ:

ಎರಡು ಬಗೆ ಫ್ಯೂಷಿಯಾ (ಜುಮುಕಿಯಂಥ ಹೂ ಬಿಡೋ ಅಲಂಕಾರದ ಗಿಡ) ಬೀಜ ಹಾಕಿ ಇವತ್ತಿಗೆ 24 ದಿನ. ಒಂದು ಬೊಲಿವಿಯಾನಾ ಅನ್ನೋ ಪ್ರಭೇದ, 40 ಬೀಜ. ಇನ್ನೊಂದು ‘ಮಿಶ್ರ ಹೈಬ್ರಿಡ್’ ಅಂತ ಬರೆದ ಪೊಟ್ಟಣ, ಸುಮಾರು 30 ಬೀಜ. ಬೊಲಿವಿಯಾನಾದಲ್ಲಿ ಎದ್ದದ್ದು ಮೂರೇ ಮೂರು. ಹೈಬ್ರಿಡ್‌ನಲ್ಲಿ ಒಂಬತ್ತು ಎದ್ದವು, ಅದರಲ್ಲಿ ಐದು ಎರಡು ದಿನದೊಳಗೆ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಮಲಗಿಬಿಟ್ಟವು. ಉಳಿದ ನಾಲ್ಕು ಬಿಳಚಿಕೊಂಡು ಉದ್ದಕ್ಕೆ ಬೆಳೀತಿವೆ.

ಹಾಕಿದ ರೀತಿ: ಅರ್ಧ ಕೋಕೋಪೀಟ್, ಅರ್ಧ ಎರೆಗೊಬ್ಬರ. ಬೀಜದ ಮೇಲೆ ಅದೇ ಮಿಶ್ರಣ ಅರ್ಧ ಸೆಂಟಿಮೀಟರ್. ಟ್ರೇಗೆ ಪ್ಲಾಸ್ಟಿಕ್ ಮುಚ್ಚಳ, ದಿನಕ್ಕೆ ಎರಡು ಸಲ ಸ್ಪ್ರೇ. ಜಾಗ ಫ್ರಿಜ್ ಮೇಲೆ, ಹಗಲಲ್ಲಿ 27ರಿಂದ 29 ಡಿಗ್ರಿ. ಕಿಟಕಿಯಿಂದ ದೂರ.

ಟ್ರೇ ಚೆಲ್ಲಿಬಿಡಬೇಕಾ, ಕಾಯಬೇಕಾ? ಸಸಿ ಬೀಳೋದು ಯಾಕೆ? ಹೊಸದಾಗಿ ಹಾಕೋದಾದರೆ ಎಲ್ಲಿಂದ ತಿದ್ದಿಕೊಳ್ಳಬೇಕು? ಪೊಟ್ಟಣದ ಚಿತ್ರದಲ್ಲಿರುವ ಬಣ್ಣವೇ ಬರುತ್ತಾ, ಹೂವಿಗೆ ಎಷ್ಟು ಕಾಲ ಹಿಡಿಯುತ್ತೆ, ಅದನ್ನೂ ಯಾರಾದರೂ ಹೇಳಿ.

ಬೀಜಡಬ್ಬಿ:

ಚೆಲ್ಲಬೇಡಿ. ಫ್ಯೂಷಿಯಾ ಒಟ್ಟಿಗೆ ಮೊಳೆಯುವ ಜಾತಿಯಲ್ಲ. ಎಲ್ಲವೂ ಸರಿಯಿದ್ದಾಗಲೂ ಮೊದಲನೆಯದು ಎರಡು ವಾರಕ್ಕೆ, ಕೊನೆಯದು ಎರಡು ತಿಂಗಳಿಗೆ ಏಳುವುದು ಇದ್ದದ್ದೇ. ಬೊಲಿವಿಯಾನಾ ಇನ್ನಷ್ಟು ಸೋಮಾರಿ. 24 ದಿನಕ್ಕೆ ಮೂರು ಬಂದಿವೆ ಎಂದರೆ ಬೀಜದಲ್ಲಿ ಜೀವ ಇದೆ ಎಂದೇ ಲೆಕ್ಕ.

ನಿಮ್ಮ ವಿವರದಲ್ಲಿ ನಾಲ್ಕು ಕಡೆ ಎಡವಟ್ಟಾಗಿದೆ. ತೂಕದ ಕ್ರಮದಲ್ಲೇ ಹೇಳುತ್ತೇನೆ.

ಮೊದಲನೆಯದು ಮಣ್ಣು ಮುಚ್ಚಿದ್ದು. ಫ್ಯೂಷಿಯಾ ಬೀಜ ಒಂದು ಮಿಲಿಮೀಟರ್ ಆಸುಪಾಸಿನದು, ಮೊಳೆಯಲು ಅದಕ್ಕೆ ಬೆಳಕು ಬೇಕು. ಅರ್ಧ ಸೆಂಟಿಮೀಟರ್ ಅಡಿಯಲ್ಲಿ ಬೆಳಕು ತಲುಪುವುದಿಲ್ಲ, ಮೊಳೆತರೂ ಅಷ್ಟು ಸಣ್ಣ ಬೀಜದೊಳಗಿನ ಆಹಾರ ಮೇಲೆ ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಬೀಜವನ್ನು ಮೇಲೆ ಉದುರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಈಗಿನ ಟ್ರೇಯಲ್ಲಿ ಒಣಗಿದ ಮೃದು ಬ್ರಷ್‌ನಿಂದ ಮೇಲಿನ ಪದರವನ್ನು ಮೂರು ಮಿಲಿಮೀಟರ್‌ನಷ್ಟು ಪಕ್ಕಕ್ಕೆ ಸರಿಸಿ. ಬೀಜ ಕಣ್ಣಿಗೆ ಬೀಳತೊಡಗಿದಾಗ ನಿಲ್ಲಿಸಿ. ಎದ್ದಿರುವ ಸಸಿಗಳ ಸುತ್ತ ಕೈ ಹಾಕಬೇಡಿ.

ಎರಡನೆಯದು ಬಿಸಿ. ಇದಕ್ಕೆ ಹಿತವಾದದ್ದು 18ರಿಂದ 22 ಡಿಗ್ರಿ. 15ರ ಕೆಳಗೆ ಎಳೆದಾಡುತ್ತದೆ, 25 ದಾಟಿದರೆ ಬೀಜ ಸುಮ್ಮನೆ ಮಲಗಿಬಿಡುತ್ತದೆ. ‘ಬೆಚ್ಚಗಿಟ್ಟರೆ ಬೇಗ ಮೊಳೆಯುತ್ತೆ’ ಎನ್ನುವುದು ಮೆಣಸಿನಕಾಯಿ, ಬದನೆಗೆ ಸರಿ. ಫ್ಯೂಷಿಯಾ ಮೂಲತಃ ಮಂಜು ಕವಿದ ಬೆಟ್ಟಕಾಡಿನ ಗಿಡ. ಬೊಲಿವಿಯಾನಾದ ತವರು ದಕ್ಷಿಣ ಪೆರು, ಬೊಲಿವಿಯಾ, ಉತ್ತರ ಅರ್ಜೆಂಟೀನಾದ ಎತ್ತರದ ಇಳಿಜಾರುಗಳು. ಸಮಭಾಜಕಕ್ಕೆ ಹತ್ತಿರ ಇದೆ ಎಂದ ಮಾತ್ರಕ್ಕೆ ಸೆಕೆಯ ಗಿಡ ಅಂದುಕೊಳ್ಳಬಾರದು. ಫ್ರಿಜ್ ಮೇಲಿಂದ ಇಳಿಸಿ, ಮನೆಯ ಅತಿ ತಂಪು ಕೋಣೆಯಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಹೊರಗೆ ಸೆಕೆಗಾಲ ನಡೆಯುತ್ತಿದ್ದರೆ ಉಳಿದ ಬೀಜವನ್ನು ಈಗ ಹಾಕಲೇಬೇಡಿ, ತಂಪು ಕಾಲ ಶುರುವಾಗಲಿ.

ಮೂರನೆಯದು ಎರೆಗೊಬ್ಬರ. ಮೊಳಕೆಗೆ ಅದು ಬೇಕಿಲ್ಲ. ಅದರ ಉಪ್ಪು ಎಳೆ ಬೇರಿನ ತುದಿಯನ್ನು ಸುಡುತ್ತದೆ, ಜೊತೆಗೆ ಅದು ಯಾವಾಗಲೂ ಒದ್ದೆಯಾಗಿ ಕೂತಿರುತ್ತದೆ. ಸಣ್ಣ ಕಪ್ಪು ನೊಣಗಳು ಮೊಟ್ಟೆ ಇಡುವುದೂ ಅಲ್ಲೇ. ಅವುಗಳ ಮರಿಹುಳ ಬೇರನ್ನೇ ಮೇಯುತ್ತದೆ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಮಣ್ಣು ಸಡಿಲಿಸುವ ಹಗುರ ಬಿಳಿ ಖನಿಜದ ಕಾಳು) ಸಾಕು. ಕೋಕೋಪೀಟನ್ನು ನೀರಲ್ಲಿ ನೆನೆಸಿ ಹಿಂಡಿ ಚೆಲ್ಲುವ ಕೆಲಸ ಎರಡು ಮೂರು ಸಲ ಆಗಬೇಕು, ಅದರಲ್ಲೂ ಉಪ್ಪಿರುತ್ತದೆ. ಆಮೇಲೆ ಮೂರು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಆಡಿಸಿ. ಮೇಲ್ಮೈ ಸಮವಾಗಿಲ್ಲದಿದ್ದರೆ ನೀರು ತಾಗಿದ ಕೂಡಲೇ ಬೀಜಗಳೆಲ್ಲ ತಗ್ಗಿನಲ್ಲಿ ಗುಂಪುಗೂಡುತ್ತವೆ.

ನಾಲ್ಕನೆಯದು ಸ್ಪ್ರೇ. ಬಿತ್ತುವ ಮೊದಲೇ ಕುಂಡವನ್ನು ನೀರಿನ ತಟ್ಟೆಯಲ್ಲಿ ಕೂರಿಸಿ. ಮೇಲ್ಮೈ ಬಣ್ಣ ಕಪ್ಪಾಗುವವರೆಗೆ, ಹದಿನೈದು ಇಪ್ಪತ್ತು ನಿಮಿಷ. ಎತ್ತಿ ಅರ್ಧ ಗಂಟೆ ಬಸಿಯಲು ಬಿಟ್ಟು ಆಮೇಲೆ ಬಿತ್ತಿ. ಮುಚ್ಚಳ ಹಾಕಿದರೆ ಆ ತೇವ ವಾರಕ್ಕೂ ಹೆಚ್ಚು ಬರುತ್ತದೆ. ಮತ್ತೆ ಬೇಕಾದಾಗಲೂ ಅಡಿಯಿಂದಲೇ. ತೇವ ಇದೆಯೋ ಇಲ್ಲವೋ ತಿಳಿಯಲು ಕುಂಡವನ್ನು ಕೈಯಲ್ಲಿ ಎತ್ತಿ ನೋಡಿ, ತೂಕವೇ ಹೇಳುತ್ತದೆ.

ಹತ್ತು ಸೆಂಟಿಮೀಟರ್ ಕುಂಡಕ್ಕೆ 20ರಿಂದ 25 ಬೀಜ, ಹೆಚ್ಚು ಬೇಡ. ಒಂದು ಚಮಚ ಒಣ ಸಣ್ಣ ಮರಳಿನ ಜೊತೆ ಬೆರೆಸಿ, ಮಡಚಿದ ಕಾಗದದಿಂದ ತಟ್ಟಿ ತಟ್ಟಿ ಉದುರಿಸಿದರೆ ಒಂದೇ ಕಡೆ ಬೀಳುವುದಿಲ್ಲ.

ಕುಡಿಚಿವುಟ:

ಮೇಲಿನವರು ಹೇಳಿದ್ದಕ್ಕೆಲ್ಲ ಹೂಂ, ಒಂದಕ್ಕೆ ಬಿಟ್ಟು. ಬೀಜ ಪೂರ್ತಿ ಬತ್ತಲೆ ಬಿಟ್ಟರೆ ಮುಚ್ಚಳ ತೆಗೆದ ದಿನವೇ ಮೇಲ್ಮೈ ಒಣಗಿ, ಬೇರು ಬಿಡುತ್ತಿದ್ದ ಬೀಜ ಅಲ್ಲೇ ಸುಟ್ಟುಹೋಗುತ್ತದೆ. ಸಣ್ಣ ಕಾಳಿನ ವರ್ಮಿಕ್ಯುಲೈಟ್ (ತೇವ ಹಿಡಿಯುವ ಹಗುರ ಖನಿಜ) ಒಂದು ಪದರ ಉದುರಿಸಿ, ಬೀಜ ಅಲ್ಲಲ್ಲಿ ಇಣುಕುವಷ್ಟು. ಬೆಳಕು ಅದರ ಮೂಲಕ ಹಾಯುತ್ತದೆ, ತೇವವೂ ನಿಲ್ಲುತ್ತದೆ, ಪಾಚಿ ಕಟ್ಟುವುದೂ ಕಡಿಮೆ.

ಇನ್ನು ಸಸಿ ಬೀಳುವ ವಿಷಯ. ಬುಡ ದಾರದಂತಾಗಿ ಮಲಗುವುದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ಮಣ್ಣಿನ ರೋಗಾಣುಗಳು ಮಾಡುವ ಕೆಲಸ. ಬಿದ್ದ ಸಸಿಯನ್ನು ಯಾವ ಔಷಧವೂ ಎಬ್ಬಿಸುವುದಿಲ್ಲ, ಆ ಆಸೆ ಬಿಡಿ. ಮಾಡಬೇಕಾದದ್ದು ಉಳಿದ ನಾಲ್ಕನ್ನು ಇವತ್ತೇ ಅಲ್ಲಿಂದ ಎಬ್ಬಿಸುವುದು. ಸಾಮಾನ್ಯವಾಗಿ ಎರಡು ಜೊತೆ ನಿಜವಾದ ಎಲೆ (ಮೊದಲು ಬರುವ ಬೀಜದೆಲೆಯ ನಂತರದವು) ಬಂದ ಮೇಲೆ ಬೇರ್ಪಡಿಸುವುದು ಕ್ರಮ. ಆದರೆ ಟ್ರೇಯಲ್ಲಿ ರೋಗ ಓಡಾಡುತ್ತಿರುವಾಗ ಕಾಯುತ್ತ ಕೂತರೆ ಎಬ್ಬಿಸಲು ಏನೂ ಉಳಿದಿರುವುದಿಲ್ಲ.

ಹಲ್ಲುಕಡ್ಡಿಯನ್ನು ಬೇರಿನ ಅಡಿಗೆ ತೂರಿಸಿ ಮಣ್ಣಿನ ಸಮೇತ ಎತ್ತಿ. ಹಿಡಿಯುವುದು ಬೀಜದೆಲೆಯನ್ನು, ಕಾಂಡವನ್ನಲ್ಲ. ಎಲೆ ಜಜ್ಜಿಹೋದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಗಿಡವೇ ಹೋಯಿತು. ಐದಾರು ಸೆಂಟಿಮೀಟರ್‌ನ ಕುಂಡದಲ್ಲಿ, ಹೊಸ ಮಿಶ್ರಣದಲ್ಲಿ, ಬೀಜದೆಲೆಯ ಹತ್ತಿರದವರೆಗೆ ಇಳಿಸಿ ನೆಡಿ. ಎಲ್ಲ ಸಸಿಗೂ ಹೀಗೆ ಆಳಕ್ಕೆ ನೆಡುವಂತಿಲ್ಲ, ಆದರೆ ಫ್ಯೂಷಿಯಾ ಕಾಂಡ ಎಲ್ಲಿ ಮಣ್ಣು ತಾಗಿದರೂ ಬೇರು ಬಿಡುವ ಗುಣದ್ದು. ಸಣಕಲಾದ ಸಸಿಗೆ ಅದೇ ಊರುಗೋಲು. ಕಾಂಡದ ಕೆಳಭಾಗ ಕಂದು ತಿರುಗಿದ್ದರೆ ಮಾತ್ರ ಅದನ್ನು ಹೂಳಬೇಡಿ, ಅಂಥದ್ದು ಉಳಿಯುವುದೂ ಅನುಮಾನ.

ಮುಂದಿನ ಸಲಕ್ಕೆ: ಮಿಶ್ರಣವನ್ನು ಕುಕ್ಕರಿನಲ್ಲಿ ಅರ್ಧ ಗಂಟೆ ಹಬೆಯಲ್ಲಿಟ್ಟು ಪೂರ್ತಿ ತಣಿಸಿ ಬಳಸಿ. ಹಳೆ ಕುಂಡವನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ತೊಳೆಯಿರಿ. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸುವುದಾದರೆ ಹಬೆ ಆದ ಮೇಲೆ, ಮೊದಲಲ್ಲ, ಇಲ್ಲವಾದರೆ ಅದನ್ನೂ ಬೇಯಿಸಿದ ಹಾಗೆ. ಮೊದಲ ಮೊಳಕೆ ಕಂಡ ದಿನದಿಂದ ಮುಚ್ಚಳವನ್ನು ದಿನಕ್ಕೆ ಹತ್ತು ನಿಮಿಷ ತೆರೆದಿಟ್ಟು, ಒಳಗಿನ ಹನಿ ಒರೆಸಿ ಮುಚ್ಚಿ. ನಾಲ್ಕಾರು ಎದ್ದ ಮೇಲೆ ಮುಚ್ಚಳದ ಒಂದು ಬದಿಗೆ ಕಡ್ಡಿ ಕೊಟ್ಟು ಎತ್ತಿಡಿ, ವಾರದಲ್ಲಿ ಪೂರ್ತಿ ತೆಗೆಯಿರಿ. ಗಾಳಿಯಾಡದ ತೇವವೇ ಈ ರೋಗದ ಮನೆ. ತಾಮ್ರದ ಔಷಧ ಹರಡುವುದನ್ನು ತಡೆದೀತು, ಆದರೆ ಎಳೆ ಎಲೆ ಸುಡುವ ಅಪಾಯವೂ ಉಂಟು. ಡಬ್ಬಿಯ ಮೇಲಿನ ಪ್ರಮಾಣ ಮೀರಬೇಡಿ, ಆದರೆ ಗಾಳಿ ಕೊಟ್ಟು ನೋಡುವ ಮುನ್ನ ಅದರ ಡಬ್ಬಿಯನ್ನೇ ತೆರೆಯಬೇಡಿ ಎನ್ನುತ್ತೇನೆ.

ಬಿಳಚಿ ಉದ್ದವಾಗುವುದು ಬೆಳಕು ಸಾಲದೆ, ಬಿಸಿ ಹೆಚ್ಚಾಗಿ. ಎರಡೂ ಕೂಡಿದರೆ ಎರಡು ಪಟ್ಟು. ಎಲ್ಇಡಿ ದೀಪ ಇದ್ದರೆ ಸಸಿಯ ಮೇಲೆ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ, ದಿನಕ್ಕೆ 14 ಗಂಟೆ. ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚುತ್ತಿದ್ದರೆ ದೀಪ ತಗ್ಗಿಸಿ, ಎಲೆ ಅಂಚು ಕೆಳಕ್ಕೆ ಮುದುಡಿದರೆ ಏರಿಸಿ.

ಎಲೆಮರೆ:

ಇಬ್ಬರಿಗೂ ಥ್ಯಾಂಕ್ಸ್. ನಾಲ್ಕೂ ಸಸಿ ಎತ್ತಿ ನೆಟ್ಟಾಯ್ತು, ಟ್ರೇ ಕೆಳಗಿಳಿದಿದೆ, ಈಗ 21 ಡಿಗ್ರಿ ತೋರಿಸ್ತಿದೆ. ಗೊಬ್ಬರ ಯಾವಾಗ, ದೊಡ್ಡ ಕುಂಡ ಯಾವಾಗ? ಹೂವಿನ ಬಣ್ಣದ ಪ್ರಶ್ನೆ ಹಾಗೇ ಉಳೀತು.

ಕುಡಿಚಿವುಟ:

ಎರಡು ಜೊತೆ ನಿಜವಾದ ಎಲೆ ಆಗುವವರೆಗೆ ಬರೀ ನೀರು. ಆಮೇಲೆ ನೀರಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವುದು), ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಗಿಡ ಬಲಿತ ಮೇಲೆ ಒಂದು ಗ್ರಾಂ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಮೊದಲು ಬರೀ ನೀರು ಕುಡಿಸಿ.

ಕುಂಡ ಬದಲಿಸುವುದು ಹಂತ ಹಂತವಾಗಿ. ಆರು ಸೆಂಟಿಮೀಟರಿನಿಂದ ಒಂಬತ್ತಕ್ಕೆ, ಅಲ್ಲಿಂದ ಹದಿಮೂರಕ್ಕೆ, ಹಾಗೇ ಮುಂದೆ. ಕುಂಡ ಬೋರಲು ಹಾಕಿ ಮಣ್ಣಿನ ಉಂಡೆ ಹೊರತೆಗೆದಾಗ ಅಂಚಿನಲ್ಲಿ ಬಿಳಿ ಬೇರು ಎಲ್ಲ ಕಡೆ ಕಂಡರೆ ಸಮಯ ಬಂದಿದೆ. ‘ಹೇಗೂ ದೊಡ್ಡದಾಗುತ್ತಲ್ಲ’ ಎಂದು ಪುಟ್ಟ ಸಸಿಯನ್ನು ಸೀದಾ 25 ಸೆಂಟಿಮೀಟರ್ ಕುಂಡಕ್ಕೆ ಹಾಕಿದರೆ, ಬೇರು ಮುಟ್ಟದ ಮಣ್ಣು ದಿನಗಟ್ಟಲೆ ಒದ್ದೆ ಉಳಿದು ಹುಳಿಯುತ್ತದೆ, ಬೇರು ಅತ್ತ ಹೋದ ಕೂಡಲೇ ಕೊಳೆಯುತ್ತದೆ. ಒಂಬತ್ತರ ಕುಂಡದಿಂದಾಚೆಗೆ ಮಿಶ್ರಣಕ್ಕೆ ಕಾಲು ಪಾಲು ಎರೆಗೊಬ್ಬರ ಸೇರಿಸಬಹುದು. ಅದಕ್ಕೆ ಅಲ್ಲಿ ಜಾಗ ಉಂಟು.

ಕುಡಿ ಚಿವುಟುವುದು ಮೂರು ಜೊತೆ ಎಲೆ ಆದಾಗ. ಕೆಳಗಿನ ಗೆಣ್ಣುಗಳಿಂದ ಕವಲು ಬಂದು, ಅವೂ ಎರಡು ಮೂರು ಜೊತೆ ಎಲೆ ಬಿಟ್ಟಾಗ ಇನ್ನೊಮ್ಮೆ. ಹೈಬ್ರಿಡ್‌ಗಳಲ್ಲಿ ಕೊನೆಯ ಸಲ ಚಿವುಟಿದ ದಿನದಿಂದ ಒಂದೇ ಸುತ್ತು ದಳದ ಹೂವಿಗೆ ಸುಮಾರು 60 ದಿನ, ಸುತ್ತು ಸುತ್ತಾದ ತುಂಬು ಹೂವಿಗೆ 80ರವರೆಗೆ. ಇದನ್ನು ಬರೆದಿಟ್ಟುಕೊಳ್ಳಿ. ಗಿಡ ದಟ್ಟವಾಗಲಿ ಎಂದು ಚಿವುಟುತ್ತಲೇ ಹೋದವರು ಎಲೆ ಮಾತ್ರ ನೋಡುತ್ತಾರೆ.

ಬೊಲಿವಿಯಾನಾಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಅದರ ಹೂಗೊಂಚಲು ರೆಂಬೆಯ ತುದಿಯಲ್ಲೇ ಜೋತುಬೀಳುವಂಥದ್ದು. ಎಳೆಯದರಲ್ಲಿ ಒಮ್ಮೆ ಚಿವುಟಿ ಮೂರು ನಾಲ್ಕು ರೆಂಬೆ ಮಾಡಿಕೊಂಡು ಕೈಬಿಡಿ. ಆಳೆತ್ತರ ದಾಟುವ ಪೊದೆ ಅದು, ಕುಂಡದಲ್ಲೂ ಕುಳ್ಳಗೆ ನಿಲ್ಲುವ ಮನಸ್ಸಿಲ್ಲದ್ದು. ಹೈಬ್ರಿಡ್ ಸಸಿ ಚೆನ್ನಾಗಿ ನಡೆದರೆ ಮೊದಲ ವರ್ಷದೊಳಗೇ ಹೂ ಬಿಡಬಹುದು, ಬೊಲಿವಿಯಾನಾಕ್ಕೆ ಎರಡನೇ ವರ್ಷವನ್ನು ಎದುರು ನೋಡಿ.

ನಾಲ್ಕುದಳ:

ಬಣ್ಣದ ಪ್ರಶ್ನೆಗೆ ನಾನು.

ಬೊಲಿವಿಯಾನಾ ಒಂದು ಮೂಲ ಪ್ರಭೇದ. ಬೇರೆ ಫ್ಯೂಷಿಯಾದ ಪರಾಗ ತಾಗಿರದಿದ್ದರೆ ಬೀಜದಿಂದ ತಾಯಿಯಂಥದ್ದೇ ಬರುತ್ತದೆ: ಉದ್ದ ಕೊಳವೆಯ ಕೆಂಪು ಹೂ, ದೊಡ್ಡ ರೋಮಭರಿತ ಎಲೆ. ಕೊಳವೆ ಬಿಳಿಯಾಗಿ ದಳ ಕೆಂಪಾಗಿರುವ ‘ಆಲ್ಬಾ’ ರೂಪವೂ ಉಂಟು. ಮಿಶ್ರ ಹೈಬ್ರಿಡ್ ಪೊಟ್ಟಣದ್ದು ಪೂರಾ ಲಾಟರಿ. ಹೆಸರುವಾಸಿ ತಳಿಗಳೆಲ್ಲ ಹಲವು ಪ್ರಭೇದ ಬೆರೆತವು, ಅವುಗಳ ಬೀಜದ ಪ್ರತಿ ಸಸಿಯೂ ಬೇರೆ. ಪೊಟ್ಟಣದ ಚಿತ್ರ ಒಂದು ಆಸೆ ಅಷ್ಟೇ. ಒಂದು ತಳಿ ಹಾಗೇ ಬೇಕೆಂದರೆ ಕಡ್ಡಿ ನೆಡುವುದೊಂದೇ ದಾರಿ. ಬೀಜದಿಂದ ಬೆಳೆಸುವುದು ಮೂಲ ಪ್ರಭೇದಕ್ಕೆ, ಇಲ್ಲವೇ ಏನು ಬರುತ್ತದೋ ನೋಡುವ ಕುತೂಹಲಕ್ಕೆ.

ಚಳಿ ತಡೆಯದ ಪ್ರಭೇದಗಳಲ್ಲಿ ಬೀಜದಿಂದ ಮಾಡಲು ತಕ್ಕವು ಇನ್ನೂ ಇವೆ. ಮೆಕ್ಸಿಕೋದ ಅರ್ಬೊರೆಸೆನ್ಸ್ ಮಾಮೂಲಿ ಫ್ಯೂಷಿಯಾದಂತೆ ಜುಮುಕಿ ಹೂ ಬಿಡುವುದಿಲ್ಲ. ನಸುನೇರಳೆ ಬಣ್ಣದ ಪುಟ್ಟ ಹೂಗಳ ಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ. ಅಲ್ಲಿಯದೇ ಫುಲ್ಜೆನ್ಸ್‌ಗೆ ಗೆಡ್ಡೆಯಂಥ ಬೇರು, ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ. ಸತ್ತಿತೆಂದು ಎಸೆಯುವವರೇ ಹೆಚ್ಚು. ಇವೆಲ್ಲ 5 ಡಿಗ್ರಿಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕಾದವು. ಹಿಮ ತಾಗಿದರೆ ಮೇಲಿನದ್ದೆಲ್ಲ ಕಪ್ಪಾಗುತ್ತದೆ.

ನ್ಯೂಜಿಲೆಂಡ್‌ನ ಕರಾವಳಿಯ ಪ್ರೊಕಂಬೆನ್ಸ್ ಪೊದೆಯಲ್ಲ, ನೆಲದಲ್ಲಿ ಹರಿದಾಡುವಂಥದ್ದು. ಆದರೂ ಬೀಜದ ಮಾತಲ್ಲಿ ಅದನ್ನು ಬಿಡುವಂತಿಲ್ಲ: ಅದರಲ್ಲಿ ಕೆಲವು ಗಿಡ ಬರೀ ಹೆಣ್ಣು. ಒಂದೇ ಸಸಿ ಬೆಳೆಸಿ ಹಣ್ಣಿಲ್ಲ ಎಂದು ಕೊರಗುವ ಮೊದಲು ನಾಲ್ಕೈದು ಬೆಳೆಸಿ. ಪರಾಗ ಇರುವ ಗಿಡವನ್ನು ಗುರುತಿಸುವುದು ಸುಲಭ, ಪರಾಗ ನೀಲಿ ಬಣ್ಣದ್ದು.

ನಿಮ್ಮದೇ ಬೀಜ ಮಾಡಿಕೊಳ್ಳಿ ಎನ್ನುತ್ತೇನೆ. ಫ್ಯೂಷಿಯಾ ಬೀಜ ಹಳತಾದಷ್ಟೂ ಬೇಗ ಜೀವ ಕಳೆದುಕೊಳ್ಳುತ್ತದೆ, ಪೊಟ್ಟಣದಲ್ಲಿ ಅದು ಎಷ್ಟು ಕಾಲ ಕೂತಿತ್ತೆಂದು ಗೊತ್ತಾಗುವುದಿಲ್ಲ. ಹೂವಿನ ಅಂಡಾಶಯ ಕೊಳವೆಯ ಹಿಂದೆ, ತೊಟ್ಟಿಗೆ ತಾಗಿದಂತೆ ಇರುತ್ತದೆ. ಹೂ ಉದುರಿದರೂ ಅದು ಉಳಿದು ಕಾಯಾಗುತ್ತದೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ಕಿತ್ತೆಸೆಯುವ ಅಭ್ಯಾಸ ಇದ್ದವರಿಗೆ ಬೀಜ ಸಿಗದಿರುವುದು ಇದೇ ಕಾರಣಕ್ಕೆ.

ಎರಡು ಗಿಡ ಬೆರೆಸುವುದಾದರೆ: ತಾಯಿ ಹೂ ಇನ್ನೇನು ಬಿರಿಯುತ್ತದೆ ಎನ್ನುವಾಗ ಮೊಗ್ಗು ಬಿಡಿಸಿ, ಎಂಟೂ ಕೇಸರಗಳನ್ನು ಸಣ್ಣ ಕತ್ತರಿಯಿಂದ ತೆಗೆಯಿರಿ. ಪರಾಗಕೋಶ ಒಡೆದಿದ್ದರೆ ತಡವಾಯಿತು, ಬೇರೆ ಮೊಗ್ಗು ಹುಡುಕಿ. ಒಂದೆರಡು ದಿನದಲ್ಲಿ ಶಲಾಕೆಯ (ಹೂವಿನ ನಡುವಿನ ಹೆಣ್ಣು ಕಡ್ಡಿಯ) ತುದಿ ಹೊಳೆದು ಅಂಟಂಟಾಗುತ್ತದೆ. ತಂದೆ ಗಿಡದ ಕೇಸರವನ್ನೇ ಚಿಮುಟದಿಂದ ಹಿಡಿದು ಅದಕ್ಕೆ ಸವರಿ. ಬ್ರಷ್ ಬೇಡ, ಹಿಂದಿನ ಪರಾಗ ಅದರಲ್ಲೇ ಅಂಟಿರುತ್ತದೆ. ತೆಳುಬಟ್ಟೆಯ ಚೀಲ ಕಟ್ಟಿ, ಎರಡೂ ಗಿಡದ ಹೆಸರು, ದಿನಾಂಕ ಬರೆದು ತೊಟ್ಟಿಗೆ ತೂಗುಹಾಕಿ.

ಕಾಯಿ ಬಣ್ಣ ತಿರುಗಿದ ಕೂಡಲೇ ಕೀಳಬಾರದು. ಮೆತ್ತಗಾಗಿ, ಮುಟ್ಟಿದರೆ ಕೈಗೆ ಬರುವಂತಾಗಬೇಕು. ಸೀಳಿ, ಟೀ ಸೋಸುವ ಜಾಲರಿಯಲ್ಲಿ ಹರಿಯುವ ನೀರಿನಡಿ ತಿರುಳು ಹೋಗುವವರೆಗೆ ಉಜ್ಜಿ. ಸಿಹಿ ತಿರುಳು ಉಳಿದರೆ ಬೂಸಲು ಖಚಿತ. ಬಟ್ಟಲಿನ ನೀರಿಗೆ ಹಾಕಿದಾಗ ತಳಕ್ಕೆ ಕೂರುವ, ಕಂದು ಬಣ್ಣದ ದುಂಡು ಬೀಜ ಇಟ್ಟುಕೊಳ್ಳಿ. ತೇಲುವ ಧೂಳಿನಂಥದ್ದು ಪೊಳ್ಳು. ಹೈಬ್ರಿಡ್ ಹಣ್ಣಿನಲ್ಲಿ ಪೊಳ್ಳೇ ಹೆಚ್ಚಿದ್ದರೆ ಆಶ್ಚರ್ಯಪಡಬೇಡಿ. ಫ್ಯೂಷಿಯಾದ ಮೂಲ ವರ್ಣತಂತು (ಕ್ರೋಮೋಸೋಮ್) ಸಂಖ್ಯೆ 11. ಅನೇಕ ತಳಿಗಳಲ್ಲಿ ಅದರ ಮೂರು ಕಂತೆ ಇರುತ್ತದೆ, ಮೂರನ್ನು ಸಮವಾಗಿ ಎರಡು ಮಾಡಲಾಗದೆ ಪರಾಗವೂ ಅಂಡವೂ ಕೆಟ್ಟಿರುತ್ತವೆ.

ಒರೆಸುವ ಕಾಗದದ ಮೇಲೆ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ ಆಗಲೇ ಬಿತ್ತಿ. ಕಾಯಲೇಬೇಕಾದರೆ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯೊಳಗಿಟ್ಟು ಫ್ರಿಜ್‌ನಲ್ಲಿ, 4–5 ಡಿಗ್ರಿಯಲ್ಲಿ. ಫ್ರೀಜರ್ ಅಲ್ಲ.

ಬೀಜದ ಇನ್ನೊಂದು ಲಾಭ ಯಾರೂ ಹೇಳಲಿಲ್ಲ. ಫ್ಯೂಷಿಯಾ ಗಂಟು ನುಸಿ ಎಂಬ ಕಣ್ಣಿಗೆ ಕಾಣದ ಪೀಡೆ ಕುಡಿಯೊಳಗೆ ಕೂತು, ಎಲೆ ಹೂವನ್ನೆಲ್ಲ ಊದಿಸಿ ವಿಕಾರ ಮಾಡುತ್ತದೆ. ಬ್ರೆಜಿಲ್‌ನದು, 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಿತು, ಆಮೇಲೆ ಯುರೋಪಿಗೂ ಹಬ್ಬಿತು. ಅದು ಊರೂರು ದಾಟುವುದು ಗಿಡ ಮತ್ತು ಕಡ್ಡಿಗಳ ಜೊತೆ. ತೊಳೆದು ಒಣಗಿಸಿದ ಬೀಜದಲ್ಲಿ ಅದಕ್ಕೆ ಬದುಕಲು ಎಳೆ ಚಿಗುರಿಲ್ಲ. ಅಂಥ ಕುಡಿ ಕಂಡರೆ ಆರೋಗ್ಯವಾದ ಭಾಗದವರೆಗೆ ಕತ್ತರಿಸಿ ಸುಡಿ. ಗೊಬ್ಬರ ಗುಂಡಿಗೆ ಹಾಕಬೇಡಿ.

ಎಲೆಮರೆ:

ಇವತ್ತು ಬೊಲಿವಿಯಾನಾ ಇನ್ನೂ ಎರಡು ಕಾಣಿಸಿಕೊಂಡಿವೆ! ಒಂದೇ ಅನುಮಾನ: ನೆಟ್ಟ ನಾಲ್ಕರಲ್ಲಿ ಒಂದು ಮಧ್ಯಾಹ್ನ ಜೋಲುತ್ತೆ, ಸಂಜೆ ತಾನಾಗೇ ಎದ್ದು ನಿಲ್ಲುತ್ತೆ. ಮಣ್ಣು ಒದ್ದೆಯೇ ಇದೆ. ನೀರು ಹಾಕಲಾ?

ಬೀಜಡಬ್ಬಿ:

ಬೇಡವೇ ಬೇಡ. ಮಣ್ಣು ಒದ್ದೆಯಿದ್ದೂ ಜೋತರೆ ಅದು ಬಾಯಾರಿಕೆಯಲ್ಲ. ಎಲೆಯಿಂದ ಆವಿ ಹೋಗುವ ವೇಗಕ್ಕೆ ಬೇರು ನೀರು ಮೇಲೆತ್ತಲಾರದೆ ಸೋಲುತ್ತಿದೆ. ಹೊಸದಾಗಿ ಎತ್ತಿ ನೆಟ್ಟದ್ದು, ಬೇರು ಕಡಿಮೆ. ಆಗ ನೀರು ಹೊಯ್ದರೆ ಬೇರಿಗೆ ಇದ್ದ ಗಾಳಿಯೂ ಹೋಗಿ ಕೊಳೆ ಶುರು. ಫ್ಯೂಷಿಯಾ ಹೆಚ್ಚಾಗಿ ಸಾಯುವುದು ಈ ತಪ್ಪಿನಿಂದಲೇ, ದೊಡ್ಡ ಗಿಡಗಳೂ. ಕುಂಡವನ್ನು ಇನ್ನೂ ತಂಪು ನೆರಳಿಗೆ ಸರಿಸಿ, ಐದಾರು ದಿನ ಮಧ್ಯಾಹ್ನದ ಹೊತ್ತಿಗೆ ಮಾತ್ರ ಮೇಲೊಂದು ಲೋಟ ಬೋರಲು ಹಾಕಿ, ಸಂಜೆ ತೆಗೆಯಿರಿ. ಕಪ್ಪು ಬಣ್ಣದ ಕುಂಡವಾಗಿದ್ದರೆ ಬಿಸಿಲು ತಾಗದಂತೆ ಇನ್ನೊಂದು ತಿಳಿಬಣ್ಣದ ಕುಂಡದೊಳಗೆ ಇಳಿಸಿಡಿ.

ಸಂಜೆಯೂ ಏಳದಿದ್ದರೆ ಕುಂಡದಿಂದ ತೆಗೆದು ಬೇರು ನೋಡಿ. ಬಿಳಿಯಿದ್ದರೆ ಕಾಯಿರಿ. ಕಂದಾಗಿ ಎಳೆದರೆ ಸಿಪ್ಪೆ ಕಳಚಿ ಬರುತ್ತಿದ್ದರೆ ತುದಿಯ ಎರಡು ಗೆಣ್ಣು ಕತ್ತರಿಸಿ ಹೊಸ ಮಿಶ್ರಣದಲ್ಲಿ ಕಡ್ಡಿಯಾಗಿ ನೆಡಿ. 18–20 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ.